ಅಳಲು ಅಳುವಿನಿಂದ ಬಂತಾ?

ದೊಡ್ಡಪ್ಪ: (ಫಾರ್ವರ್ಡ್ ಚಿತ್ರ) ‘ಸಾವಿನ ಸುದ್ದಿಗೆ ಸಂತಾಪ ಎನ್ನಬೇಡಿ, ಅದು ಸಂಸ್ಕೃತ. ಅಳುವಿನಿಂದ ಹುಟ್ಟಿದ ಅಚ್ಚಗನ್ನಡದ ಅಳಲು ಎನ್ನಿ.’

ದೊಡ್ಡಪ್ಪ: ಎಷ್ಟು ಚೆನ್ನಾಗಿ ಹೇಳಿದ್ದಾರೆ! ನಾವೂ ಹೀಗೇ ಬರೆಯೋಣ.

ನಾನು: ದೊಡ್ಡಪ್ಪ, ಅಳಲು ಅಚ್ಚಗನ್ನಡ ಅನ್ನೋದು ಸರಿ. ಆದರೆ ಅದರ ಬೇರು ಅಳು ಅಲ್ಲ, ಬೆಂಕಿ. ತಮಿಳಿನಲ್ಲಿ ಅೞಲ್ ಅಂದರೆ ಬೆಂಕಿ, ಉರಿ.

ದೊಡ್ಡಪ್ಪ: ಹಳಗನ್ನಡದಲ್ಲಿ ಅಳಲಿಗೂ ಅಳುವುದಕ್ಕೂ ಈಗಿನ ಳ ಬದಲು ೞ ಅಕ್ಷರವೇ ಇತ್ತಲ್ಲ. ಅದು ಸಾಲದಾ?

ನಾನು: ಸಾಲದು. ಅಕ್ಷರ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ಭಾಷಾತಜ್ಞರಾದ ಬರೋ ಮತ್ತು ಎಮೆನೋ ಅವರ, ದ್ರಾವಿಡ ಪದಗಳ ಬೇರು ಹೇಳುವ ನಿಘಂಟು ಇವೆರಡನ್ನೂ ಬೇರೆ ಬೇರೆ ಕಡೆ ಕೊಡುತ್ತದೆ.

ಅತ್ತೆ: ಸಂತಾಪದ ತಾಪವೂ ಬಿಸಿಯೇ ಅಲ್ವಾ?

ನಾನು: ಹೌದು ಅತ್ತೆ! ತಪ್ ಅಂದರೆ ಕಾಯುವುದು, ಸುಡುವುದು. ಶೋಕ ಬಂದದ್ದು ಶುಚ್ ಧಾತುವಿನಿಂದ. ಅದಕ್ಕೂ ಉರಿಯುವುದು ಅನ್ನುವ ಅರ್ಥವಿದೆ. ನಮ್ಮ ಬೇಗುದಿಯಲ್ಲಿ ಬೇಯುವುದೂ ಇದೆ, ಕುದಿಯುವುದೂ ಇದೆ. ಎರಡು ನುಡಿಯವರಿಗೂ ದುಃಖ ಒಳಗಿನ ಸುಡುವಿಕೆಯಾಗಿಯೇ ಕಂಡಿದೆ. ಅಂಥದ್ದರಲ್ಲಿ ಒಂದನ್ನು ಹೊರಗಿನದು ಅಂತ ದೂಡಿದರೆ ನನಗೆ ನಿಜಕ್ಕೂ ಬೇಜಾರು.

ತಂಗಿ: ಬೇರು ಬಿಡಿ, ಬಳಕೆ ನೋಡಿ. ಅಳಲು ತೋಡಿಕೊಳ್ಳುತ್ತೇವೆ, ಸಂತಾಪ ಸೂಚಿಸುತ್ತೇವೆ. ಕಳೆದುಕೊಂಡವರಿಗೆ ‘ನಮ್ಮ ಅಳಲು’ ಅಂತ ಬರೆದರೆ ನಮ್ಮ ಕಷ್ಟವನ್ನೇ ಹೇಳಿಕೊಂಡ ಹಾಗಿರುತ್ತದೆ.

ದೊಡ್ಡಪ್ಪ: ಅದು ಒಪ್ಪುವ ಮಾತು. ಆದರೂ ಸಂತಾಪ ಅಂದರೆ ಸರ್ಕಾರಿ ಪ್ರಕಟಣೆ ಓದಿದಂತಿದೆ. ಹತ್ತಿರದವರಿಗೆ ಹತ್ತಿರದ ಮಾತು ಬೇಡವಾ?

ಅತ್ತೆ: ಮರುಕ ಅನ್ನಬಹುದಲ್ಲ?

ನಾನು: ಪದ ಬಹಳ ಒಳ್ಳೆಯದು. ತೆಲುಗಿನಲ್ಲಿ ನೀರು ಕುದಿಯುವುದಕ್ಕೆ ಮರುಗು ಅನ್ನುತ್ತಾರೆ. ಕನ್ನಡದಲ್ಲಿ ಮರುಗುವುದು ಮನಸ್ಸು, ಅದೂ ಹೆಚ್ಚಾಗಿ ಬೇರೆಯವರ ನೋವಿಗೆ. ಆದರೆ ದುಃಖದಲ್ಲಿರುವವರ ಎದುರಿಗೇ ‘ನಿಮ್ಮ ಮೇಲೆ ಮರುಕ’ ಅಂದರೆ ಮೇಲೆ ನಿಂತು ಕನಿಕರ ತೋರಿಸಿದ ಹಾಗಾಗುತ್ತದೆ.

ತಂಗಿ: ‘ಸುದ್ದಿ ಕೇಳಿ ತುಂಬಾ ಸಂಕಟವಾಯಿತು’ ಅಂತ ಬರೆದರೆ ಸಾಕಲ್ವಾ?

ದೊಡ್ಡಪ್ಪ: ಸಂಕಟವೂ ಸಂಸ್ಕೃತವೇ. ಆದರೆ ಅದು ತಾನಾಗಿ ಬಾಯಿಗೆ ಬರುತ್ತದೆ. ಬರೆಯೋಣ. ಚಿತ್ರವನ್ನು ಮಾತ್ರ ಅಳಿಸುವುದಿಲ್ಲ. ಕನ್ನಡ ಪದಗಳನ್ನು ಮರೆಯುತ್ತಿದ್ದೇವೆ ಅನ್ನುವ ಅದರ ಕಾಳಜಿ ನನ್ನದೂ ಹೌದು.

ನಾನು: ಇರಲಿ ದೊಡ್ಡಪ್ಪ, ಆ ಕಾಳಜಿ ನನಗೂ ಇದೆ. ಬೇರೆ ಗುಂಪಿಗೆ ಕಳಿಸುವಾಗ ಅಳುವಿನಿಂದ ಬಂತು ಅನ್ನುವುದು ಸರಿಯಲ್ಲ ಅಂತ ಕೆಳಗೆ ಒಂದು ಸಾಲು ಸೇರಿಸಿ.