ಮಾವ, ಹೊಸ ಬ್ಯಾಟರಿ ತರುವ ಮುಂಚೆ ಒಂದು ರಾತ್ರಿ ಮೈನಸ್ ಬಿಚ್ಚಿಡಿ

ಮಾವ, ನಿಮ್ಮ ಮೆಸೇಜ್ ಈಗ ನೋಡಿದೆ. ರಾತ್ರಿ ಚೆನ್ನಾಗಿಯೇ ನಿಲ್ಲಿಸಿದ ಕಾರು ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್ ಅನ್ನುತ್ತದೆ, ಮೂರು ದಿನದಿಂದ ಪಕ್ಕದ ಮನೆಯವರ ಕಾರಿಗೆ ಕೇಬಲ್ ಹಾಕಿ ಸ್ಟಾರ್ಟ್ ಮಾಡುತ್ತಿದ್ದೀರಿ, ಅಂಗಡಿಯವರು ಹೊಸ ಬ್ಯಾಟರಿ ಹಾಕಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಗ್ರೂಪಿನಲ್ಲೂ ಎಲ್ಲರೂ ಅದನ್ನೇ ಹೇಳಿದ್ದಾರೆ. ದಯವಿಟ್ಟು ಎರಡು ದಿನ ತಡೆಯಿರಿ. ಈಗಿರುವ ಬ್ಯಾಟರಿ ಹಾಕಿಸಿ ಇನ್ನೂ ಎರಡು ವರ್ಷ ಆಗಿಲ್ಲ ಅಲ್ವಾ? ವಾರಂಟಿ ಕಾರ್ಡ್ ಹುಡುಕಿ ಇಡಿ. ಫೋನ್ ಮಾಡಿಯೇ ಹೇಳಬಹುದಿತ್ತು. ಬರೆದಿದ್ದರೆ ಬಾನೆಟ್ ಎತ್ತಿ ನಿಂತಾಗ ನೋಡಿಕೊಳ್ಳಬಹುದು ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಕಾರಿಗೂ ಹೀಗೇ ಆಗಿತ್ತು. ಐದು ಸಾವಿರದ ಮೇಲೆ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಒಂದೇ ವಾರ. ಮತ್ತೆ ಅದೇ ಟಕ್ ಟಕ್. ಕೊನೆಗೆ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಕರೆಂಟ್ ಅಳೆಯುವ ಮೀಟರ್ ಹಾಕಿ ನೋಡಿದರು. ನಿಂತ ಕಾರು 1.8 ಆಂಪ್ ಎಳೆಯುತ್ತಿತ್ತು. ಸೀಟಿನ ಕೆಳಗೆ ಹಾಕಿಸಿದ್ದ, ಸ್ಟೀರಿಯೋ ಶಬ್ದ ಜೋರು ಮಾಡುವ ಆಂಪ್ಲಿಫೈಯರ್ ರಾತ್ರಿಯೆಲ್ಲಾ ಆನ್! ಬೆಳಿಗ್ಗೆ ಕೈ ಇಟ್ಟರೆ ಬೆಚ್ಚಗಿತ್ತು. ಸ್ಟೀರಿಯೋಗೆ ಹಳದಿ ವೈರ್, ಕೆಂಪು ವೈರ್ ಅಂತ ಎರಡು ಬರುತ್ತವೆ. ಹಳದಿಗೆ ಯಾವಾಗಲೂ ಕರೆಂಟ್ ಇರಬೇಕು, ಸೆಟ್ಟಿನ ಮೆಮೊರಿ ಉಳಿಯಲಿಕ್ಕೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಹಾಕಿಕೊಟ್ಟವರು ಎರಡನ್ನೂ ಸೇರಿಸಿ ಹಳದಿಗೇ ಕಟ್ಟಿದ್ದರು. ಕೀ ತೆಗೆದರೂ ಸೆಟ್ಟು, ಆಂಪ್ಲಿಫೈಯರ್ ಎರಡೂ ಮಲಗುತ್ತಲೇ ಇರಲಿಲ್ಲ. ನೀವೂ ಈಚೆಗೆ ದೊಡ್ಡ ಸ್ಕ್ರೀನ್ ಸೆಟ್ ಹಾಕಿಸಿದಿರಿ, ಅದಕ್ಕೇ ನನಗೆ ಮೊದಲ ಅನುಮಾನ ಅದರ ಮೇಲೆ.

ಆದರೆ ಅನುಮಾನದ ಮೇಲೆ ಏನನ್ನೂ ಬಿಚ್ಚಿಸಬೇಡಿ. ಮೊದಲು ಬ್ಯಾಟರಿಯದು ತಪ್ಪಾ, ಕಾರಿನದು ತಪ್ಪಾ ಅಂತ ಗೊತ್ತಾಗಬೇಕು. ನಾಳೆ ಬ್ಯಾಟರಿ ಅಂಗಡಿಯಲ್ಲಿ ಅದನ್ನು ಪೂರ್ತಿ ಚಾರ್ಜಿಗೆ ಇಡಿಸಿ. ಅರ್ಧ ಖಾಲಿ ಬ್ಯಾಟರಿ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ತಂದು ಕೂರಿಸಿ, ರಾತ್ರಿ ಮಲಗುವ ಮುಂಚೆ 10 ನಂಬರ್ ಸ್ಪ್ಯಾನರ್‌ನಲ್ಲಿ ಮೈನಸ್ ಕಡೆಯ ಕ್ಲಾಂಪ್ ಸಡಿಲ ಮಾಡಿ ತೆಗೆದಿಡಿ. ಮೈನಸ್ ಮಾತ್ರ ಮಾವ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಕಾರಿನ ಕೀ ಜೇಬಿನಲ್ಲೇ ಇರಲಿ, ಕರೆಂಟ್ ಇಲ್ಲದಿದ್ದರೆ ರಿಮೋಟ್ ಕೆಲಸ ಮಾಡುವುದಿಲ್ಲ. ಗಡಿಯಾರದ ಟೈಮ್ ಹೋಗುತ್ತದೆ, ಅದಕ್ಕೆ ಗಾಬರಿ ಬೇಡ.

ಬೆಳಿಗ್ಗೆ ಮೈನಸ್ ಮತ್ತೆ ಹಾಕಿ ಸೆಲ್ಫ್ ಹೊಡೆಯಿರಿ. ಒಂದೇ ಸಲಕ್ಕೆ ಎದ್ದರೆ ಬ್ಯಾಟರಿ ಸರಿಯಾಗಿದೆ, ಕಾರಿನಲ್ಲಿ ಏನೋ ಕುಡಿಯುತ್ತಿದೆ. ಆಗಲೂ ಏಳದಿದ್ದರೆ ಬ್ಯಾಟರಿಯೇ ಹೋಗಿದೆ, ಕಾರ್ಡ್ ಹಿಡಿದುಕೊಂಡು ಅಂಗಡಿಗೆ ಹೋಗಿ. ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ವೈರ್ ಬಿಚ್ಚಿಟ್ಟೂ ಬೆಳಿಗ್ಗೆ ಹೊತ್ತಿಗೆ 12ಕ್ಕಿಂತ ಕೆಳಗೆ ಇಳಿದಿದ್ದರೆ ಒಳಗೆ ಕೆಟ್ಟಿದೆ ಅಂತಲೇ ಅರ್ಥ. ನಿಮ್ಮ ದುರ್ಗದ ಬೇಸಿಗೆಯಲ್ಲಿ ಅದೂ ಆಗಬಹುದು. ಕಾರು ನೆರಳಿಲ್ಲದೆ ನಿಂತಿರುತ್ತದೆ. ಬಿಸಿಲಿಗೆ ಬ್ಯಾಟರಿಯ ಆಯಸ್ಸು ಬೇಗ ಕರಗುತ್ತದೆ.

ಡಿಕ್ಕಿ ಲೈಟ್ ಉರಿಯುತ್ತಿರಬಹುದು ಅಂತ ಗ್ರೂಪಿನಲ್ಲಿ ಬರೆದಿದ್ದರು. ಲೆಕ್ಕ ಹಾಕಿ ನೋಡಿದೆ. 5 ವಾಟ್ ಬಲ್ಬ್ ಅಂದರೆ ಸುಮಾರು 0.4 ಆಂಪ್, ಹನ್ನೆರಡು ಗಂಟೆಗೆ 5 ಆಂಪ್ ಅವರ್. 35 ಆಂಪ್ ಅವರ್‌ನ ಗಟ್ಟಿ ಬ್ಯಾಟರಿ, ಅಂದರೆ ತುಂಬಿದಾಗ 35 ಹಿಡಿಯುವ ಬ್ಯಾಟರಿ, ಅಷ್ಟಕ್ಕೆ ಒಂದೇ ರಾತ್ರಿಯಲ್ಲಿ ಮಲಗುವುದಿಲ್ಲ. ಹಾಗಾಗಿ ನಿಮ್ಮದರಲ್ಲಿ ಎಳೆಯುತ್ತಿರುವುದು ದೊಡ್ಡದೇ ಇರಬೇಕು, ಇಲ್ಲವೇ ಬ್ಯಾಟರಿ ಸೋತಿರಬೇಕು. ಆದರೂ ಲೈಟ್ ನೋಡುವುದು ಸುಲಭ. ಫೋನಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆದು ನೋಡಿ.

ಕಾರಿನದೇ ತಪ್ಪು ಅಂತ ಗೊತ್ತಾದರೆ ಮುಂದಿನದು ನಾನು ಬಂದು ನೋಡುತ್ತೇನೆ. ಭಾನುವಾರ ಮೀಟರ್ ತರುತ್ತೇನೆ. ಮೈನಸ್ ವೈರಿನ ಮಧ್ಯೆ ಮೀಟರ್ ಸೇರಿಸಿ, ಬಾಗಿಲು ತೆರೆದಿದ್ದರೂ ಮುಚ್ಚಿದೆ ಅಂತ ಕಾರಿಗೆ ಅನ್ನಿಸುವ ಹಾಗೆ ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಅರ್ಧ ಗಂಟೆ ಸುಮ್ನೆ ಕಾಯಬೇಕು. ಕಾರಿನೊಳಗಿನ ಕಂಪ್ಯೂಟರ್‌ಗಳು ಮಲಗಲಿಕ್ಕೆ ಅಷ್ಟು ಹೊತ್ತು ಬೇಕು. 50 ಮಿಲಿ ಆಂಪ್ (0.05 ಆಂಪ್) ಒಳಗೆ ಇದ್ದರೆ ಚಿಂತೆ ಇಲ್ಲ, ಒಳ್ಳೆ ಬ್ಯಾಟರಿಯನ್ನು ಅದು ಖಾಲಿ ಮಾಡಲು ಸುಮಾರು ಒಂದು ತಿಂಗಳು ಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಬೇಕು. ಯಾವುದನ್ನು ತೆಗೆದಾಗ ಮೀಟರ್ ದಬಕ್ ಅಂತ ಇಳಿಯುತ್ತದೋ ಆ ಲೈನಿನಲ್ಲೇ ಕಳ್ಳ ಇದ್ದಾನೆ. ಎಲ್ಲಾ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಳಗೆ, ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡ್ ಹೋಗಿರಬಹುದು. ಅದನ್ನು ನಾವು ಮುಟ್ಟುವುದು ಬೇಡ, ಎಲೆಕ್ಟ್ರಿಷಿಯನ್ ಹತ್ತಿರ ಹೋಗೋಣ. ಅಷ್ಟರೊಳಗೆ ಬೇರೆ ಯಾರಾದರೂ ಮೀಟರ್ ಹಾಕಿದರೆ, ಅದು ಸೇರಿಸಿರುವಾಗ ಸೆಲ್ಫ್ ಹೊಡೆಯಲು ಬಿಡಬೇಡಿ, ಮೀಟರ್ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು ಮಾವ. ಬುಧವಾರ ಅತ್ತೆಯ ಕಣ್ಣು ತೋರಿಸಲು ದಾವಣಗೆರೆಗೆ ಬರುತ್ತೀರಲ್ಲ, ಆ ದಿನ ಈ ಕಾರು ನಂಬಬೇಡಿ. ಮಧ್ಯೆ ಎಲ್ಲೋ ಟೀಗೆ ಅಂತ ಆಫ್ ಮಾಡಿ, ಮತ್ತೆ ಏಳದೆ ಹೈವೇ ಪಕ್ಕ ಬಿಸಿಲಲ್ಲಿ ಅತ್ತೆ ಕೂರುವುದು ಬೇಡ. ಬಸ್ಸಿಗೆ ಬನ್ನಿ. ದುರ್ಗ ಬಿಡುವಾಗ ಒಂದು ಫೋನ್ ಮಾಡಿ, ಬಸ್ ಸ್ಟ್ಯಾಂಡಿಗೆ ನಾನು ಬಂದಿರುತ್ತೇನೆ.