ಉದ್ರಿ ಬಾಕಿ ತಪ್ಪು ಬರ್ತಿದೆ: ಮೂರು ಟೇಬಲ್ ಜಾಯಿನ್ ಮಾಡಿದ ಮೇಲೆ (ಎಸ್‌ಕ್ಯೂಲೈಟ್)

ಮುಂಗಾರು22:
ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನ ಹತ್ತಿರ ನಮ್ಮಪ್ಪನ ಗೊಬ್ಬರ-ಬೀಜದ ಅಂಗಡಿ ಇದೆ. ಮುಂಗಾರಿಗೆ ಉದ್ರಿ ಒಯ್ದವರು ಮೆಕ್ಕೆಜೋಳ ಮಾರಿದ ಮೇಲೆ ಎರಡು ಮೂರು ಕಂತಲ್ಲಿ ಕೊಡ್ತಾರೆ. ಖಾತೆ ಪುಸ್ತಕದಲ್ಲಿದ್ದದ್ದನ್ನೆಲ್ಲ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ಗೆ ಹಾಕಿದೀನಿ. ಮೂರು ಟೇಬಲ್: ಗಿರಾಕಿ, ಬಿಲ್, ಜಮಾ. ಬಿಲ್ಲಲ್ಲೂ ಜಮಾದಲ್ಲೂ ಗಿರಾಕಿ ನಂಬರ್ ಇದೆ.

ಮೂರನ್ನೂ ಆ ನಂಬರ್ ಮೇಲೆ ಜಾಯಿನ್ ಮಾಡಿ (ಸಾಲುಗಳನ್ನು ಜೋಡಿಸಿ), ಗಿರಾಕಿವಾರು ಗ್ರೂಪ್ ಮಾಡಿ, ಬಿಲ್ ಮೊತ್ತದಲ್ಲಿ ಜಮಾ ಮೊತ್ತ ಕಳೆದೆ. ಕೆಲವರದು ಸರಿ ಬರುತ್ತೆ, ಕೆಲವರದು ಇಲ್ಲ. ಒಬ್ಬರ ಲೆಕ್ಕ ನೋಡಿ: ಬಿಲ್ 12,000, 8,500, 4,500. ಜಮಾ 10,000 ಮತ್ತು 5,000. ಬಾಕಿ 10,000 ಬರಬೇಕು, 5,000 ತೋರಿಸ್ತಿದೆ. ಒಂದು ಪೈಸೆಯೂ ಕೊಡದವರ ಹೆಸರಂತೂ ಪಟ್ಟಿಯಲ್ಲೇ ಇಲ್ಲ. ವಸೂಲಿಗೆ ಹೋಗೋದು ಇದೇ ಪಟ್ಟಿ ಹಿಡಿದು. ತಪ್ಪು ಬಾಕಿ ಕೇಳಿದರೆ ಊರಲ್ಲಿ ಅಪ್ಪನ ಮಾತಿಗೆ ಬೆಲೆ ಉಳಿಯಲ್ಲ.

ಹೊಸಪುಟ:
ಸಮ್ (ಕೂಡಿಸೋ ಫಂಕ್ಷನ್) ಒಳಗೆ ಡಿಸ್ಟಿಂಕ್ಟ್ ಹಾಕಿ ನೋಡಿ. ನನಗೆ ಅದರಿಂದಲೇ ಸರಿಹೋಯ್ತು.

ಕಡತ:
ಡಿಸ್ಟಿಂಕ್ಟ್ ದಯವಿಟ್ಟು ಬೇಡ. ಡಿಎಪಿ ಗೊಬ್ಬರದ ಚೀಲಕ್ಕೆ 1,350 ಅಂತಿಟ್ಟುಕೊಳ್ಳಿ. ಒಬ್ಬರೇ ರೈತರು ಜೂನ್‌ನಲ್ಲೊಂದು, ಜುಲೈನಲ್ಲೊಂದು ಚೀಲ ಒಯ್ದರೆ 1,350ರ ಬಿಲ್ ಎರಡಾಗುತ್ತೆ. ಡಿಸ್ಟಿಂಕ್ಟ್ ಎರಡನ್ನೂ ಒಂದೇ ಅಂತ ಎಣಿಸುತ್ತೆ, ಒಂದು ಚೀಲದ ದುಡ್ಡು ಸದ್ದಿಲ್ಲದೆ ಹೋಗಿಬಿಡುತ್ತೆ.

ಮುಂಗಾರು ಅವರೇ, ಸಮ್ ಮತ್ತು ಗ್ರೂಪ್ ಬೈ ತೆಗೆದು, ಆ ರೈತರೊಬ್ಬರ ಸಾಲುಗಳನ್ನಷ್ಟೇ ನೋಡಿ. ಆರು ಸಾಲು ಬರುತ್ತೆ. ಯಾವ ಜಮಾ ಯಾವ ಬಿಲ್ಲಿಗೆ ಅನ್ನೋದು ನಿಮ್ಮ ಟೇಬಲ್‌ಗಳಲ್ಲಿ ಇಲ್ಲ, ಎರಡಕ್ಕೂ ಗೊತ್ತಿರೋದು ಗಿರಾಕಿ ನಂಬರ್ ಮಾತ್ರ. ಹಾಗಾಗಿ ಪ್ರತಿ ಬಿಲ್ಲೂ ಪ್ರತಿ ಜಮಾದ ಜೊತೆ ಜೋಡಿಯಾಗಿದೆ. ಬಿಲ್ ಎರಡೆರಡು ಸಲ ಎಣಿಸಿ 50,000, ಜಮಾ ಮೂರು ಮೂರು ಸಲ ಎಣಿಸಿ 45,000. ಉಳಿದದ್ದು ನಿಮ್ಮ 5,000. ಒಂದೇ ಬಿಲ್, ಒಂದೇ ಜಮಾ ಇದ್ದವರದು ಸರಿಯಾಗಿ ಬಂದಿದ್ದಕ್ಕೂ ಇದೇ ಕಾರಣ. ಈ ತಪ್ಪು ಬೇಗ ಕಣ್ಣಿಗೆ ಬೀಳದಿರೋದೂ ಅದಕ್ಕೇ.

ಮೊದಲು ಕೂಡಿಸಿ, ಆಮೇಲೆ ಜೋಡಿಸಿ. ಬಿಲ್ ಟೇಬಲ್ ಒಂದನ್ನೇ ಗಿರಾಕಿವಾರು ಕೂಡಿಸಿದರೆ ತಲೆಗೊಂದು ಸಾಲು. ಜಮಾದ್ದೂ ಹಾಗೇ ಬೇರೆ ಕೂಡಿಸಿ. ಈ ಎರಡು ಸಬ್‌ಕ್ವೆರಿಗಳನ್ನು (ಕ್ವೆರಿಯೊಳಗಿನ ಕ್ವೆರಿ) ಗಿರಾಕಿ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿ, ಅದು ಜೋಡಿ ಸಿಗದ ಗಿರಾಕಿಯನ್ನೂ ಉಳಿಸುತ್ತೆ. ಬರೀ ಜಾಯಿನ್ ಮಾಡಿದ್ದಕ್ಕೆ ಜಮಾ ಇಲ್ಲದವರು ಬಿದ್ದುಹೋಗಿದ್ದರು, ಈಗ ಬರ್ತಾರೆ. ಆದರೆ ಅವರ ಜಮಾ ಸೊನ್ನೆಯಲ್ಲ, ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ. ಯಾವ ಸಂಖ್ಯೆಯಿಂದ ನಲ್ ಕಳೆದರೂ ಸಿಗೋದು ನಲ್ಲೇ. ಅದಕ್ಕೆ ಎರಡೂ ಮೊತ್ತಕ್ಕೆ ಕೋಅಲೆಸ್ ಹಾಕಿ, ನಲ್ ಇದ್ದಲ್ಲಿ 0 ಕೊಡಿ. ಇಷ್ಟನ್ನೂ ಒಂದು ವ್ಯೂ (ಹೆಸರು ಕೊಟ್ಟು ಉಳಿಸಿಟ್ಟ ಕ್ವೆರಿ) ಮಾಡಿಟ್ಟರೆ ದಿನಾ ಬರೆಯೋ ಗೋಜಿಲ್ಲ.

ಕೊನೆಗೆ ವ್ಯೂನಲ್ಲಿನ ಬಿಲ್ ಕಾಲಂ ಒಟ್ಟು ಕೂಡಿಸಿ, ಬಿಲ್ ಟೇಬಲ್‌ನ ನೇರ ಮೊತ್ತದ ಜೊತೆ ತಾಳೆ ನೋಡಿ. ಜಮಾದ್ದೂ ನೋಡಿ. ಇದನ್ನು ಮಾತ್ರ ಬಿಡಬೇಡಿ.

ಮುಂಗಾರು22:
ತುಂಬಾ ಥ್ಯಾಂಕ್ಸ್ ಸರ್, ಅವರ ಬಾಕಿ 10,000 ಬಂತು. ಬಿಟ್ಟುಹೋದ ಹೆಸರುಗಳೂ ಬಂದವು. ಬಿಲ್ ತಾಳೆಯಾಯ್ತು. ಜಮಾ ಆಗಲಿಲ್ಲ: ಟೇಬಲ್‌ನಲ್ಲಿ ವ್ಯೂಗಿಂತ 3,200 ಹೆಚ್ಚಿದೆ.

ಕಡತ:
ಗಿರಾಕಿ ಟೇಬಲ್‌ನಿಂದ ಯಾರನ್ನಾದರೂ ಡಿಲೀಟ್ ಮಾಡಿದ್ರಾ? ಟೇಬಲ್ ಮಾಡುವಾಗ ಫಾರಿನ್ ಕೀ (ಜಮಾದಲ್ಲಿರೋ ಗಿರಾಕಿ ನಂಬರ್ ಗಿರಾಕಿ ಟೇಬಲ್‌ನಲ್ಲೂ ಇರಬೇಕು ಅನ್ನೋ ನಿಯಮ) ಬರೆದಿದ್ದರೂ ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಅದನ್ನು ತಾನಾಗಿ ಪಾಲಿಸಲ್ಲ. ಪ್ರತಿ ಕನೆಕ್ಷನ್ ತೆರೆದಾಗಲೂ ಫಾರಿನ್_ಕೀಸ್ ಪ್ರಾಗ್ಮಾ (ಎಸ್‌ಕ್ಯೂಲೈಟ್‌ಗೆ ಕೊಡೋ ಸೆಟ್ಟಿಂಗ್ ಆಜ್ಞೆ) ಆನ್ ಮಾಡಬೇಕು. ಈಗಾಗಲೇ ಅನಾಥವಾದ, ಅಂದರೆ ಗಿರಾಕಿಯೇ ಇಲ್ಲದ ಸಾಲುಗಳನ್ನು ಫಾರಿನ್_ಕೀ_ಚೆಕ್ ಪ್ರಾಗ್ಮಾ ತೋರಿಸುತ್ತೆ.

ಮುಂಗಾರು22:
ಹೌದು ಸರ್. ಒಬ್ಬರದೇ ಹೆಸರು ಎರಡು ಸಲ ಸೇರಿತ್ತು, ಒಂದು ಇನಿಷಿಯಲ್ ಜೊತೆ, ಇನ್ನೊಂದು ಮನೆತನದ ಹೆಸರಿನ ಜೊತೆ. ಒಂದನ್ನು ತೆಗೆದಿದ್ದೆ. ಆ ಹಳೇ ನಂಬರ್ ಮೇಲೆ 2,000 ಮತ್ತು 1,200 ಜಮಾ ಉಳಿದುಕೊಂಡಿದ್ದವು. ಪಾಪ, ಅವರು ಕೊಟ್ಟ ದುಡ್ಡನ್ನೇ ಮತ್ತೆ ಕೇಳ್ತಿದ್ವಿ.

ನಂಬರ್ ತಿದ್ದಿದೆ, ಈಗ ಎರಡೂ ಕಡೆ ಒಂದೇ ಮೊತ್ತ. ಪ್ರಾಗ್ಮಾ ಆನ್ ಮಾಡಿ, ಜಮಾ ಇರೋ ಒಬ್ಬರನ್ನು ಬೇಕಂತಲೇ ಡಿಲೀಟ್ ಮಾಡೋಕೆ ಹೋದೆ, ಬಿಡಲಿಲ್ಲ. ಅಪ್ಪ ಖಾತೆ ಪುಸ್ತಕ ಹಿಡಿದು ಒಂದೊಂದೇ ಹೆಸರು ಕೂಗ್ತಿದ್ದಾರೆ, ನಾನು ಸ್ಕ್ರೀನ್ ನೋಡಿ ಬಾಕಿ ಹೇಳ್ತಿದೀನಿ. ಇಲ್ಲಿವರೆಗೆ ಒಂದೂ ತಪ್ಪಿಲ್ಲ.