ವಿರೋಧ ಪಕ್ಷದ ನಾಯಕ ಕೇಳಿದರೆ ಸರ್ಕಾರ ಉತ್ತರ ಕೊಡಲೇಬೇಕೆ?

ಪ್ರಶ್ನೆ: ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಮಕ್ಕಳಿಗೆ ಸಂಸತ್ತಿನ ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಒಂದೇ ಜಾಗದಲ್ಲಿ ತಡವರಿಸುತ್ತೇನೆ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಎಂದು ಸಂವಿಧಾನದ 75(3)ನೇ ವಿಧಿಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ಅದೇ ಸಂಜೆ ಮಕ್ಕಳು ಟಿವಿಯಲ್ಲಿ ಕಾಣುವುದು ಘೋಷಣೆ, ಸಭಾತ್ಯಾಗ ಮತ್ತು ಮುಂದೂಡಿಕೆ. ಬ್ರಿಟನ್ನಿನಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಪ್ರಧಾನಿಯೇ ಎದ್ದು ನಿಲ್ಲಬೇಕು, ಅಲ್ಲಿನ ವಿರೋಧ ಪಕ್ಷದ ನಾಯಕನಿಗೆ ಆರು ಪ್ರಶ್ನೆಗಳ ಅವಕಾಶವಿದೆ, ನಮ್ಮಲ್ಲಿ ಅಂಥದ್ದು ಏಕಿಲ್ಲ ಎಂದು ಈ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಸಂಖ್ಯಾಬಲವಿರುವ ಸರ್ಕಾರದಿಂದ ನಮ್ಮ ವಿರೋಧ ಪಕ್ಷದ ನಾಯಕರು ಉತ್ತರ ಪಡೆಯಲು ಭಾಷಣವನ್ನು ಬಿಟ್ಟರೆ ಬೇರೆ ಯಾವ ದಾರಿಯಿದೆ? ಪಕ್ಷ ರಾಜಕಾರಣವನ್ನು ಬದಿಗಿಟ್ಟು, ಸದನದ ನಡಾವಳಿಯನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ವರದಿಗಾರ, ಧಾರವಾಡ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಲ್ಲಿ ಪ್ರಧಾನಿಯೇ ಖುದ್ದಾಗಿ ಉತ್ತರಿಸಬೇಕಾದ ಅಂಥ ವಾರದ ಕಟ್ಟಳೆ ಇಲ್ಲ. ಪ್ರಧಾನಿಯವರ ಖಾತೆಗಳಿಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಅವರ ಕೈಕೆಳಗಿನ ಕೇಂದ್ರದ ರಾಜ್ಯ ಸಚಿವರೇ ಉತ್ತರಿಸುತ್ತಾರೆ. ಆದರೆ ಟಿವಿಯಲ್ಲಿ ಕಾಣುವುದಷ್ಟೇ ಸಂಸತ್ತಲ್ಲ. ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ಅವಧಿ ಆರಂಭವಾಗುತ್ತದೆ, ಪಟ್ಟಿಯಲ್ಲಿ ಚುಕ್ಕೆ ಗುರುತಿನ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ 20 ಪ್ರಶ್ನೆಗಳಿರುತ್ತವೆ. ಗಂಟೆ ಮುಗಿಯುವುದರೊಳಗೆ ಅವುಗಳಲ್ಲಿ ಕೆಲವು ಮಾತ್ರ ಬಾಯಿಮಾತಿನ ಉತ್ತರಕ್ಕೆ ಬರುತ್ತವೆ. ಅಚ್ಚಾದ ಉತ್ತರವನ್ನು ಕಾರ್ಯದರ್ಶಿಗಳು ಬರೆದುಕೊಟ್ಟಿರುತ್ತಾರೆ, ಅದನ್ನು ಯಾರು ಬೇಕಾದರೂ ಓದಬಹುದು. ಸಚಿವರಿಗೆ ತಮ್ಮ ಖಾತೆ ಎಷ್ಟು ಗೊತ್ತು ಎಂಬುದು ಬಯಲಾಗುವುದು ಅದರ ಬೆನ್ನಿಗೇ ಬರುವ ಉಪಪ್ರಶ್ನೆಯಲ್ಲಿ.

ನನ್ನ ಅನುಭವದಲ್ಲಿ ಇದಕ್ಕಿಂತಲೂ ಹರಿತವಾದ, ಯಾರೂ ಚಪ್ಪಾಳೆ ತಟ್ಟದ ಒಂದು ಸಾಧನವಿದೆ. 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು, ಸದನದ ಮುಂದೆ ಇಡಲಾಗುವುದು' ಎಂದು ಸಚಿವರು ಹೇಳಿದಾಗ, ನುಣುಚಿಕೊಂಡರು ಎಂದು ನಾವು ಗ್ಯಾಲರಿಯಲ್ಲಿ ಕುಳಿತು ನಗುತ್ತಿದ್ದೆವು. ಆದರೆ ಸದನದ ಲೆಕ್ಕದಲ್ಲಿ ಆ ಮಾತು ಒಂದು ಭರವಸೆ, ಅಂದರೆ ಬರೆದುಕೊಟ್ಟ ಸಾಲಪತ್ರ. ಮೂರು ತಿಂಗಳೊಳಗೆ ಅದನ್ನು ತೀರಿಸಬೇಕು, ಇಲ್ಲವೇ ಗಡುವು ವಿಸ್ತರಿಸಿಕೊಡಿ ಎಂದು ಭರವಸೆಗಳ ಸಮಿತಿಯ ಮುಂದೆ ಇಲಾಖೆ ಹೋಗಬೇಕು. ಈ ಸಮಿತಿ 1953ರಿಂದಲೂ ಇದೆ. ಇಲಾಖೆಗಳು ವರ್ಷಗಟ್ಟಲೆ ಎಳೆಯುವುದುಂಟು ಎನ್ನುವುದು ನಿಜ, ಆದರೆ ಸಾಲ ಕಡತದಲ್ಲಿ ಉಳಿದಿರುತ್ತದೆ. ಚತುರ ವಿರೋಧ ಪಕ್ಷವು ಭಾಷಣಕಾರರ ಜೊತೆಗೆ ಇಂಥ ಸಾಲಗಳನ್ನು ಎಣಿಸುವವರನ್ನೂ ಇಟ್ಟುಕೊಂಡಿರಬೇಕು. ನಾನು ಕಂಡ ಪಕ್ಷಗಳಲ್ಲಿ ಅಂಥವರು ಬಹಳ ಕಡಿಮೆ.

ಉತ್ತರ 2: ವಕೀಲ, ಕಲಬುರಗಿ

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ಅಂಶವನ್ನು ಸೇರಿಸುತ್ತೇನೆ. ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ಸದನದ ಹೊರಗೂ ಕೆಲಸವಿದೆ. 1977ರ ಕಾಯ್ದೆಯ ಪ್ರಕಾರ ವಿರೋಧ ಪಕ್ಷಗಳ ಪೈಕಿ ಅತಿ ಹೆಚ್ಚು ಸದಸ್ಯರಿರುವ ಪಕ್ಷದ ನಾಯಕನನ್ನು ಸ್ಪೀಕರ್ ಮಾನ್ಯ ಮಾಡಿದರೆ ಅವರಿಗೆ ಈ ಸ್ಥಾನಮಾನ ಸಿಗುತ್ತದೆ. ಸದನದ ಒಟ್ಟು ಸ್ಥಾನಗಳಲ್ಲಿ ಹತ್ತನೆಯ ಒಂದು ಭಾಗವಾದರೂ ಆ ಪಕ್ಷಕ್ಕೆ ಇರಬೇಕೆಂದು ಎಲ್ಲರೂ ಹೇಳುವ ಷರತ್ತು ಆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಅದು ಮೊದಲ ಸ್ಪೀಕರ್ ಮಾವಳಂಕರ್ ಅವರ ಕಾಲದಿಂದ ಬಂದ ರೂಢಿ. 2014ರಲ್ಲಿ 44 ಸ್ಥಾನ, 2019ರಲ್ಲಿ 52 ಸ್ಥಾನ ಪಡೆದ ಕಾಂಗ್ರೆಸ್ಸಿಗೆ ಆ ರೂಢಿಯ ಕಾರಣಕ್ಕೆ ಸ್ಥಾನಮಾನ ದೊರೆಯಲಿಲ್ಲ. 2024ರಲ್ಲಿ 99 ಸ್ಥಾನ ಬಂದ ಮೇಲೆ ರಾಹುಲ್ ಗಾಂಧಿಯವರು ವಿರೋಧ ಪಕ್ಷದ ನಾಯಕರಾದರು.

ನಮ್ಮ ಊರಿನವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. 2014ರಿಂದ 2019ರವರೆಗೆ ಇಲ್ಲಿನ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ನಾಯಕರಾಗಿದ್ದರೇ ಹೊರತು, ಕಾನೂನಿನ ಅರ್ಥದಲ್ಲಿ ವಿರೋಧ ಪಕ್ಷದ ನಾಯಕರಾಗಿರಲಿಲ್ಲ. ಲೋಕಪಾಲರ ಆಯ್ಕೆ ಸಮಿತಿಗೆ 'ವಿಶೇಷ ಆಹ್ವಾನಿತ'ರಾಗಿ ಬನ್ನಿ ಎಂದು ಕರೆದಾಗ, ಅಭಿಪ್ರಾಯ ದಾಖಲಿಸುವ ಹಕ್ಕಿಲ್ಲದ ಕುರ್ಚಿ ತಮಗೆ ಬೇಡವೆಂದು ಅವರು ಹೋಗಲಿಲ್ಲ. ಸಿಬಿಐ ನಿರ್ದೇಶಕರ ವಿಷಯದಲ್ಲಿ ಹಾಗಾಗಲಿಲ್ಲ. ಅತಿ ದೊಡ್ಡ ವಿರೋಧ ಪಕ್ಷದ ನಾಯಕನಿಗೆ ಜಾಗ ಕೊಡುವಂತೆ 2014ರಲ್ಲೇ ಆ ಕಾನೂನಿಗೆ ತಿದ್ದುಪಡಿಯಾಗಿತ್ತು. ಹಾಗಾಗಿ 2019ರ ಜನವರಿಯಲ್ಲಿ ಅಲೋಕ್ ವರ್ಮಾ ಅವರನ್ನು ಆ ಹುದ್ದೆಯಿಂದ ತೆಗೆದ ಮೂವರ ಸಮಿತಿಯಲ್ಲಿ ಖರ್ಗೆಯವರ ಭಿನ್ನಮತ ಲಿಖಿತವಾಗಿ ದಾಖಲಾಯಿತು. ತೀರ್ಮಾನ ಬದಲಾಗಲಿಲ್ಲ, ನಿಜ. ಆದರೆ ನ್ಯಾಯಾಲಯದಲ್ಲಿ ಕೆಲಸ ಮಾಡುವ ನನಗೆ ಭಿನ್ನ ತೀರ್ಪಿನ ಬೆಲೆ ಗೊತ್ತು: ಇಂದು ಸೋತ ಕಾರಣಗಳು ನಾಳೆ ಬೇರೊಬ್ಬರ ವಾದಕ್ಕೆ ಆಧಾರವಾಗುತ್ತವೆ.

ಸರ್ಕಾರದ ಖರ್ಚುವೆಚ್ಚವನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಬಗ್ಗೆಯೂ ಮಕ್ಕಳಿಗೆ ಹೇಳಿ. 1967ರಿಂದ ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷಕ್ಕೆ ಕೊಡುವ ಪದ್ಧತಿಯಿದೆ. ಖರ್ಗೆಯವರೂ ಆ ಕುರ್ಚಿಯಲ್ಲಿದ್ದರು. ಆದರೆ ಸಮಿತಿಯೊಳಗೂ ಬಹುಮತವೇ ನಡೆಯುತ್ತದೆ. 2011ರಲ್ಲಿ 2ಜಿ ಮೊಬೈಲ್ ತರಂಗಾಂತರ ಹಂಚಿಕೆಯ ಹಗರಣದ ಬಗ್ಗೆ ಅಧ್ಯಕ್ಷ ಮುರಳಿ ಮನೋಹರ ಜೋಶಿಯವರು ಸಿದ್ಧಪಡಿಸಿದ ಕರಡನ್ನು ಆಡಳಿತದ ಕಡೆಯ ಸದಸ್ಯರು ಒಪ್ಪಲಿಲ್ಲ.

ಉತ್ತರ 3: ಓದುಗ, ಶಿವಮೊಗ್ಗ

ಇಬ್ಬರೂ ಕಡತವನ್ನೇ ದೊಡ್ಡದು ಮಾಡಿದ್ದೀರಿ. ನಾನು ಮಾತಿನ ಪರವಾಗಿ ವಾದಿಸುತ್ತೇನೆ. ಸಮಾಜವಾದಿಗಳ ನಾಡಿನಲ್ಲಿ ಹುಟ್ಟಿದ ನಾನು ಲೋಹಿಯಾ ಅವರ ಹೆಸರೆತ್ತದೆ ಇರಲಾರೆ. 1963ರ ಆಗಸ್ಟಿನಲ್ಲಿ ವಿರೋಧದ ಸಾಲಿನ ಸಂಸದ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ಗೊತ್ತುವಳಿ ತಂದರು. ಪರವಾಗಿ ಬಿದ್ದದ್ದು 62 ಮತ, ವಿರುದ್ಧ 347. ಎಣಿಕೆಯ ದೃಷ್ಟಿಯಿಂದ ಅದು ವ್ಯರ್ಥ ಪ್ರಯತ್ನ. ಆದರೆ ಅದೇ ವರ್ಷ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಲೋಹಿಯಾ, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಎದ್ದು ನಿಂತು ಹೇಳಿದರು. ಸರ್ಕಾರದ ಕಡೆಯಿಂದ ಸರಾಸರಿ ಹದಿನೈದಾಣೆ ಎಂಬ ಲೆಕ್ಕ ಬಂತು. ಆಗಲೇ ಆಣೆಯ ಬದಲು ರೂಪಾಯಿಗೆ ನೂರರ ಲೆಕ್ಕದ ನಯಾಪೈಸೆ ಬಂದು ಆರು ವರ್ಷವಾಗಿದ್ದರೂ ವಾದ ನಡೆದದ್ದು ಆಣೆಯ ಲೆಕ್ಕದಲ್ಲಿ, ಏಕೆಂದರೆ ಸಂತೆಗೆ ಹೋಗುವವನ ಬಾಯಲ್ಲಿ ಇದ್ದದ್ದು ಆಣೆಯೇ. ಸಿರಿವಂತನನ್ನೂ ಕೂಲಿಯವನನ್ನೂ ಕೂಡಿಸಿ ಭಾಗಿಸಿದ ಸರಾಸರಿ ಯಾರ ಹೊಟ್ಟೆಯನ್ನೂ ಅಳೆಯುವುದಿಲ್ಲ ಎಂಬ ವಿಷಯ ಆ ಚರ್ಚೆಯಿಂದ ಸಾಮಾನ್ಯರಿಗೂ ಅರ್ಥವಾಯಿತು. ಗಮನಿಸಿ, ಲೋಹಿಯಾ ಅವರಿಗೆ ವಿರೋಧ ಪಕ್ಷದ ನಾಯಕನ ಸ್ಥಾನಮಾನ ಇರಲಿಲ್ಲ. ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಲೋಕಸಭೆಯಲ್ಲಿ ಮೊದಲ ಬಾರಿಗೆ ಅದು ಮಾನ್ಯವಾದದ್ದು 1969ರಲ್ಲಿ, ರಾಮಸುಭಗ್ ಸಿಂಗ್ ಅವರಿಗೆ.

ಇನ್ನೂ ಹಿಂದಕ್ಕೆ ಹೋದರೆ, 1957ರಲ್ಲಿ ಜೀವ ವಿಮಾ ನಿಗಮದ ಹಣ ಉದ್ಯಮಿ ಮುಂಧ್ರಾ ಅವರ ಕಂಪನಿಗಳಿಗೆ ಹೋದದ್ದನ್ನು ಸದನದಲ್ಲಿ ಬಿಡಿಸಿಟ್ಟವರು ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ. ಛಾಗ್ಲಾ ಆಯೋಗದ ವಿಚಾರಣೆಯಾಗಿ 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಗದ್ದಲವೂ ಪೂರ್ತಿ ನಿಷ್ಫಲವಲ್ಲ, ಕಹಿಯಾದರೂ ಹೇಳಬೇಕು. 2010ರಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕಿಯಾಗಿದ್ದವರು, ಬಳ್ಳಾರಿಯ ಜನ ಮರೆಯದ ಸುಷ್ಮಾ ಸ್ವರಾಜ್. 2ಜಿ ಹಗರಣದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಬೇಕೆಂಬ ವಿರೋಧ ಪಕ್ಷದ ಪಟ್ಟಿನಿಂದ ಆ ಚಳಿಗಾಲದ ಅಧಿವೇಶನ ಹೆಚ್ಚುಕಡಿಮೆ ಇಡಿಯಾಗಿ ಕೊಚ್ಚಿಹೋಯಿತು. ಮರುವರ್ಷ ಆ ಸಮಿತಿ ರಚನೆಯಾಯಿತು. ಪ್ರತಿಯಾಗಿ ಆಡಳಿತದ ಕೈಯಲ್ಲೂ ಅಸ್ತ್ರವಿದೆ: 2023ರ ಡಿಸೆಂಬರಿನ ಒಂದೇ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದರು. ಆಡಿದ ಮಾತನ್ನು ಪೀಠವು ಕಡತದಿಂದ ತೆಗೆಸಬಹುದು ಎಂಬುದನ್ನೂ ಕಡತದ ಪಕ್ಷಪಾತಿಗಳು ಮರೆಯಬಾರದು.

ಮತ್ತೆ ಉಪನ್ಯಾಸಕಿ, ಹಾಸನ

ಮೂವರಿಗೂ ಧನ್ಯವಾದಗಳು. ಮೂರಾಣೆಯ ಚರ್ಚೆಯನ್ನು ತರಗತಿಯಲ್ಲಿ ಅಣಕು ಸಂಸತ್ತಾಗಿ ಮಾಡಿಸುತ್ತೇನೆ, ಏಕೆಂದರೆ ಅದರಲ್ಲಿ ಎರಡೂ ಕಡೆಯವರಿಗೆ ಹೇಳಲು ಮಾತಿದೆ. ಭರವಸೆಗಳ ವಿಷಯ ಮಾತ್ರ ನನಗೂ ಹೊಸದು. ಲಿಖಿತ ಉತ್ತರಗಳೆಲ್ಲ ಸಂಸತ್ತಿನ ಜಾಲತಾಣದಲ್ಲಿ ಸಿಗುವುದರಿಂದ, ಕಾಫಿ, ಆನೆ ಹಾವಳಿ, ರೈಲು ಮಾರ್ಗ ಎಂದು ನಮ್ಮ ಜಿಲ್ಲೆಯ ವಿಷಯಗಳನ್ನು ಹಂಚಿ, 'ಸಂಗ್ರಹಿಸಲಾಗುತ್ತಿದೆ' ಎಂಬ ಉತ್ತರ ಎಲ್ಲೆಲ್ಲಿ ಇದೆಯೆಂದು ಹುಡುಕಲು ಹೇಳಬೇಕೆಂದಿದ್ದೇನೆ. ಧಾರವಾಡದ ಸರ್, ನಮ್ಮ ವಿಧಾನಸಭೆಯಲ್ಲೂ ಇಂಥ ಸಮಿತಿ ಇದೆಯೇ?

ಉತ್ತರ: ನಿವೃತ್ತ ವರದಿಗಾರ, ಧಾರವಾಡ

ಇದೆ ಮೇಡಂ. ಮಕ್ಕಳು ಹುಡುಕುವಾಗ ಆ ಒಂದು ವಾಕ್ಯವನ್ನಷ್ಟೇ ನೋಡಿದರೆ ಸಾಲದು. 'ಪರಿಶೀಲಿಸಲಾಗುವುದು' ಎಂಬುದನ್ನೂ ಗುರುತು ಹಾಕಿಕೊಳ್ಳಲಿ. ನಾನು ಬರೆದ ವರದಿಗಳಲ್ಲಿ ಅತಿ ಹೆಚ್ಚು ಬಾರಿ ಬಂದ ಪದ ಅದೇ ಇರಬೇಕು.